ನಾಲ್ಕು ಜೋಡಿ ಬೂಟು

ಡಿಸೆಂಬರಿನ ಮೊದಲ ಸೋಮವಾರ
ನಮ್ಮ ಹೊರಠಾಣೆ ಜೀಪು ಬೆಳಗಾವಿಗೆ ಹೋತು.
ಮುಂದ ಕಂಬಳಿ ಹೊದ್ದ ಮಲಕಾರಿ ಹವಾಲ್ದಾರ್ರು,
ಹಿಂದ ಮೂರು ಮಂದಿ, ಒಂದು ಸ್ಟೋವ್, ಶೇಂಗಾ ಹಿಂಡಿ ಡಬ್ಬಿ.
'ಅಧಿವೇಶನ ಮುಗಿಯೂತನಾ ಅಷ್ಟ, ಜೈತುನ್‌ಬಿ.
ಫೋನ್ ಬಂದ್ರ ಎತ್ತು.
ಯಾರರ ಬಂದ್ರ ಕುಂಡ್ರಸು' ಅಂದ್ರು.
ಕುಂಡ್ರಸಾಕ ಇರೂದು ಒಂದ ಬೆಂಚು. ಅದಕ್ಕ ಕಾಲು ಮೂರು.

ನಾ ಹೋಂ ಗಾರ್ಡ್.
ಡ್ಯೂಟಿ ಇದ್ದ ದಿನಾ ಖಾಕಿ, ಇಲ್ಲದ ದಿನಾ ರೊಟ್ಟಿ ಬಡೀತೀನಿ.
ನನಗ ಬರಿಯಾಕ ಬರತದ,
ಕೇಸು ಬರಕೊಳ್ಳಾಕ ಬರೂದಿಲ್ಲ.

ಗ್ವಾಡಿ ಮ್ಯಾಲ ನಮ್ಮ ಸರಹದ್ದಿನ ನಕಾಶೆ:
ಮೂವತ್ತೊಂಬತ್ತು ಊರು, ನಾಕು ಮಂದಿ.
ಮ್ಯಾಲ ನೀಲಿ ಸೀಸದಾಗ ಭೀಮಾ ಹೊಳಿ,
ಆಚಿ ದಂಡಿ ಮಹಾರಾಷ್ಟ್ರ, ಅದಕ್ಕ ಬಣ್ಣ ಹಚ್ಚಿಲ್ಲ.
ಹೊಳಿ ದಂಡಿ ಏಳು ಊರು ಗೆದ್ದಲು ತಿಂದಾವು.
ಆ ಊರವರು ಠಾಣೆಗೆ ಬಂದು ಎರಡು ವರ್ಷ ಆತು.
'ಶಾಂತ ಊರು' ಅಂತ
ವರದಿ ಹೋಗ್ಯದ.

ನಾಕನೇ ದಿನ ಹವಾಲ್ದಾರ್ರ ಫೋನ್ ಬಂತು.
ಶಾಲಿ ಕೋಲಿಯಾಗ ಮಲಗ್ಯಾರಂತ, ನೆಲ ಮಂಜುಗಡ್ಡಿ,
ಊಟ ಮೂರಕ್ಕ ಬರತದಂತ, ಬಂದ್ರ.
'ಮಾರಿಗೊಬ್ಬ ನಿಂತೀವಿ ನೋಡು. ಕೈ ಚಾಚಿದ್ರ ಇನ್ನೊಬ್ಬನ ಹೆಗಲು.'
ಏನ್ ಕಾಯಾಕತ್ತೀರಿ, ಸಾಹೇಬ್ರ?
ಸ್ವಲ್ಪ ಹೊತ್ತು ಸುಮ್ಮನಿದ್ರು.
'ಗೇಟು.'
ಒಳಗ ಯಾರೋ ಎದ್ದು ಕೇಳಿದ್ರಂತ,
ನಮ್ಮ ಕಡೆ ಖಾಲಿ ಇರೂ ಹುದ್ದಿ ಎಷ್ಟು ಅಂತ.
ಪರಿಶೀಲನೆಯಲ್ಲಿದೆ.

ಆರನೇ ರಾತ್ರಿ ಬಾಗಲಾ ಬಡದ ಸಪ್ಪಳ.
ಬೋರಿಹಾಳದ ದಾನಮ್ಮ. ಕಿವಿ ಹರಿದು ರಕ್ತ,
ಬೆಂಡ್ವಾಲಿ ಇದ್ದ ಜಾಗಾ ಖಾಲಿ.
ಬಗಲಾಗ ಒಂದು ಕೂಸು, ಸೆರಗು ಹಿಡಕೊಂಡು ಇನ್ನೊಂದು.
ಹನ್ನೊಂದು ಕಿಲೋಮೀಟರ್, ತೊಗರಿ ಹೊಲದಾಗ ಹಾಸಿ, ನಡಕೋತ ಬಂದಿದ್ಲು.
'ಸಾಹೇಬ್ರು ಎಲ್ಲಿ?'

ಇಂಡಿಗೆ ಹಚ್ಚಿದೆ: ಇಲ್ಲೂ ಇಬ್ಬರ ಇದೀವಿ, ಮುಂಜಾನೆ ನೋಡೂಣ.
ನೂರಾ ಹನ್ನೆರಡಕ್ಕ ಹಚ್ಚಿದೆ:
ಗಾಡಿ ಚಡಚಣದ ಆಚಿ ಅದ, ಎರಡು ತಾಸು.
ಆಕಿ ಗಂಡಗ ಬೈಕ್ ಅದ. ಅಂವಗ ಅರ್ಧ ತಾಸು ಸಾಕು.

ಗಟ್ಟಿ ಬಾಗಲಾ ಇದ್ದದ್ದು ಲಾಕಪ್ಪಿಗೆ ಒಂದಕ್ಕ.
ಕಂಬಳಿ ಹಾಸಿದೆ. ಆಕೀನ್ನ, ಮಕ್ಕಳನ್ನ ಒಳಗ ಕಳಿಸಿದೆ.
'ಒಳಗಿಂದ ಕೈ ಚಾಚಿ ಕೀಲಿ ಹಾಕೋ, ತಂಗಿ.
ಕೀಲಿಕೈ ನಿನ್ನ ಹತ್ರ ಇರಲಿ.'
ಬಿಟ್ಟು ಹೋದ ಹಳೀ ಬೂಟು ಹುಡುಕಿದೆ, ನಾಲ್ಕು ಜೋಡಿ,
ಒಂದರ ಅಟ್ಟಿ ಬಾಯಿ ತೆರೆದಿತ್ತು.
ಬಾಗಲದ ಮುಂದ ಸಾಲಾಗಿ ಇಟ್ಟೆ,
ಎಲ್ಲಾ ಕೋಲಿಯಾಗೂ ಲೈಟ್ ಹಚ್ಚಿದೆ.

ಬೈಕ್ ಬಂತು. ನಿಂತಿತು. ದೀಪ ಬೂಟಿನ ಮ್ಯಾಲ ಬಿತ್ತು.
ನಾ ಸತ್ತ ವೈರ್‌ಲೆಸ್ ಎತ್ತಿ
ಬಾಯಿಗೆ ಬಂದ ಹೆಸರೆಲ್ಲಾ ಕೂಗಿದೆ.
ನನ್ನ ಮಾವಂದು, ಬಸ್ ಕಂಡಕ್ಟರಂದು,
ತೀರಿಕೊಂಡ ನನ್ನ ಗಂಡಂದು ಸುದ್ದಾ:
ಎದ್ದು ಬರ್ರಿ, ಹೊರಗ ಯಾರೋ ಬಂದಾರ.
ಯಾರೂ ಬರಲಿಲ್ಲ. ಅಂವ ಹೋದ.
ಆಮ್ಯಾಲ ಒಂದು ತಾಸು ನನ್ನ ಕಾಲು ನಡಗಿದ್ವು.

ಮುಂಜಾನೆ ಆಡು ಕಟ್ಟಿದಲ್ಲೇ ಅದ ಅಂತ
ದಾನಮ್ಮ ಊರಿಗೆ ಹೊಂಟಳು.
ನಾ ಬ್ಯಾಡ ಅಂದೆ. ಆಡಿಗೆ ನೀರು ಯಾರು ಇಡತಾರ ಅಂದ್ಲು.

ಹವಾಲ್ದಾರ್ರು ಬಂದ್ರು, ಮಾರಿ ಕಪ್ಪಾಗಿತ್ತು.
ನಕಾಶೆ ನೋಡಿದ್ರು. ಗೆದ್ದಲು ತಿಂದ ಜಾಗಾಕ್ಕ
ಜ್ವಾಳದ ಹಿಟ್ಟಿನ ಅಂಟಿಲೆ ಕಾಗದ ಹಚ್ಚಿ
ಬೋರಿಹಾಳ ಅಂತ ಬರದಿದ್ದೆ.
ಏನೂ ಅನ್ನಲಿಲ್ಲ.
ಲಾಕಪ್ಪಿನ ಕಡೆ ತಿರುಗಿದ್ರು.
'ಕೀಲಿಕೈ ಎಲ್ಲಿ?'

ದಾನಮ್ಮನ ಸೆರಗಿನ ಗಂಟಿನಾಗ ಹೋಗ್ಯದ, ಸಾಹೇಬ್ರ.

'ಸರಕಾರಿ ಸಾಮಾನಲ್ಲೇನ ಅದು!'

ಹೌದ್ರಿ.
ಜೀಪ್ ಇನ್ನೂ ಬಿಸಿ ಅದ.
ತರಾಕ ನೀವ ಹೋಗಬೇಕು.